ಸೌಟಿನ ನೆನಪು

ನಿನ್ನೆಯಿಂದ ಕಾಣದ ಸೌಟಿಗಾಗಿ ಗೌರವ್ವ ಬೆಳಗ್ಗೆ ಅಡುಗೆಮನೆಯೆಲ್ಲ ಹುಡುಕುತ್ತಿದ್ದಾಗ ಪೇದೆ ಹಾಲಪ್ಪ ಜೈಲಿನ ಊಟದ ತಾಟು ಹಿಡಿದು ಬಂದ.

"ಅಕ್ಕಾರ, ಒಬ್ಬ ಕೈದಿ ಇದರಿಂದ ಇನ್ನೊಬ್ಬನ ತಲಿ ಒಡದಾನ್ರಿ. ತನಿಖೆಗೆ ಬೇಕು, ಲಗೂ ನೋಡಿ ಹೇಳ್ರಿ."

ವಸ್ತುಗಳು ತಮ್ಮನ್ನು ಹಿಡಿದವರ ಮನಸ್ಸನ್ನು ನೆನಪಿಡತೊಡಗಿ ವರ್ಷಗಳಾಗಿದ್ದವು. ಅವನ್ನು ಮುಟ್ಟಿ ಓದಿ, ಹಗೆ, ಸಂಚು, ಹೆದರಿಕೆ ಎಂಬ ಮೂರು ಬುಟ್ಟಿಗಳಿಗೆ ವಿಂಗಡಿಸುವುದು ಗೌರವ್ವನ ಕೆಲಸ. ಅವಳು ಕೈ ಒರೆಸಿಕೊಂಡು ತಾಟನ್ನು ಸವರಿದಳು.

"ಹಗೆ ಅಲ್ಲ, ಸಂಚೂ ಅಲ್ಲ. ಪಾಪ, ಹೆದರಿ ಹೊಡದಾನ," ಎಂದು ಅದನ್ನು ಮೂರನೆಯ ಬುಟ್ಟಿಗೆ ಹಾಕಿದಳು.

"ನಮ್ಮ ಸಾಹೇಬ್ರ ಲಾಠಿ ಮಾತ್ರ ನಿಮ್ಮ ಕೈಗೆ ಕೊಡೂದಿಲ್ರಿ!" ಎಂದು ನಗುತ್ತ ಹಾಲಪ್ಪ ಹೊರಟ.

ಬಾಗಿಲ ಮರೆಯಲ್ಲಿ ಎಲ್ಲ ನೋಡುತ್ತಿದ್ದ ಮಗಳು ಮುಕ್ತಾ ಮೆಲ್ಲನೆ ಬಂದು, ಬೆನ್ನ ಹಿಂದೆ ಅಡಗಿಸಿಟ್ಟಿದ್ದ ಸೌಟನ್ನು ಚಾಚಿದಳು. ಹಣೆಯ ಬಾವು ಮುಟ್ಟಿಕೊಳ್ಳುತ್ತ ತಮ್ಮನೂ ಇಣುಕಿದ.

"ಅವ್ವಾ, ಇದನ್ನ ಯಾವ ಬುಟ್ಟಿಗೆ ಹಾಕ್ತಿ?"