ಚೀಲದ ತೂಕ

ಆಯಾ ಪುಟ್ಟಗೌರಮ್ಮ ದಿನವೂ ಶಾಲೆಯ ಗೇಟಿನಲ್ಲಿ ಮಕ್ಕಳ ಚೀಲ ತೂಗುತ್ತಾಳೆ. ಯಾರ ಬಗ್ಗೆಯಾದರೂ ಮೊಬೈಲಿನಲ್ಲಿ ಕೆಟ್ಟದಾಗಿ ಬರೆದರೆ, ಬೆಳಗಾಗುವುದರೊಳಗೆ ಬರೆಸಿಕೊಂಡವರ ಚೀಲ ಭಾರವಾಗಿರುತ್ತದೆ. ಬರೆದವರು ಎತ್ತಿದರೆ ಮಾತ್ರ ಅದು ಹಗುರ. ಇದು ಒಂದನೇ ಕ್ಲಾಸಿನವರಿಗೂ ಗೊತ್ತು. ಅದಕ್ಕೇ ಈ ಶಾಲೆಯಲ್ಲಿ ಯಾರೂ ಇನ್ನೊಬ್ಬರ ಚೀಲ ಮುಟ್ಟುವುದಿಲ್ಲ.

ಒಂಬತ್ತನೇ ಕ್ಲಾಸಿನ ಹರ್ಷಿತಾಳ ಚೀಲ ಇವತ್ತು ಮೂವತ್ತೊಂದು ಕೆಜಿ ಇತ್ತು. ಒಳಗಿದ್ದದ್ದು ಎರಡು ನೋಟ್‌ಬುಕ್ಕು, ಒಂದು ಊಟದ ಡಬ್ಬಿ.

"ನಿನ್ನೆ ಹತ್ತೊಂಬತ್ತಿತ್ತಲ್ಲವ್ವಾ. ಮನೇಲಿ ಹೇಳಿದ್ಯಾ?" ಎಂದಳು ಪುಟ್ಟಗೌರಮ್ಮ.

"ಬೇಡ ಗೌರಮ್ಮಾ. ನನ್ನ ಫೋನ್ ಕಿತ್ಕೋತಾರೆ, ಅಷ್ಟೇ."

ಪಕ್ಕದಲ್ಲಿ ಗೆಳತಿ ಸಿಂಚನಾ ನಿಂತಿದ್ದಳು. ಚೀಲ ಭಾರವಾಗತೊಡಗಿದ ಈ ಮೂರು ವಾರ ಹರ್ಷಿತಾಳನ್ನು ಬಿಟ್ಟಗಲದೆ ಇದ್ದವಳು ಇವಳೊಬ್ಬಳೇ. ಊಟಕ್ಕೆ ಜೊತೆಗೆ ಕೂರುತ್ತಾಳೆ, ಅತ್ತರೆ ಕಣ್ಣೊರೆಸುತ್ತಾಳೆ. ಚೀಲ ಹಿಡಿ ಎಂದರೆ ಮಾತ್ರ ಬೆನ್ನುನೋವು ಎನ್ನುತ್ತಾಳೆ.

ಮೆಟ್ಟಿಲೇರುವಾಗ ಹರ್ಷಿತಾ ಮುಗ್ಗರಿಸಿ ಬೋರಲು ಬಿದ್ದಳು. ಬೆನ್ನ ಮೇಲಿದ್ದ ಚೀಲ ಒತ್ತಿ ಉಸಿರು ಕಟ್ಟಿತು. ಪುಟ್ಟಗೌರಮ್ಮ ಓಡಿಬಂದು ಚೀಲ ಎಳೆದಳು. ಆ ವಯಸ್ಸಾದ ಕೈಗೆ ಅದು ಅಲುಗಲಿಲ್ಲ.

"ಅಯ್ಯೋ, ಹರ್ಷೀ!" ಸಿಂಚನಾ ಕೂಗಿದಳು.

ಹಿಂದುಮುಂದು ನೋಡದೆ ಬಗ್ಗಿ ಚೀಲ ಎತ್ತಿಬಿಟ್ಟಳು. ಒಂದೇ ಕೈಯಲ್ಲಿ, ಹೂವೆತ್ತಿದ ಹಾಗೆ.

ಮೆಟ್ಟಿಲ ಮೇಲಿದ್ದ ಮಕ್ಕಳೆಲ್ಲ ನಿಂತಲ್ಲೇ ನಿಂತರು. ಸಿಂಚನಾಳಿಗೆ ಅದನ್ನು ಕೆಳಗಿಡಬೇಕೆಂದೂ ತೋಚಲಿಲ್ಲ.

ಹರ್ಷಿತಾ ನಿಧಾನವಾಗಿ ಎದ್ದಳು. ಮಂಡಿಯ ಧೂಳು ಕೊಡವಿಕೊಂಡಳು. ಗೆಳತಿಯ ಕೈಯನ್ನೇ ನೋಡಿದಳು.

"ಕ್ಲಾಸ್ ತನಕ ನೀನೇ ತಗೊಂಡ್ ಬಾ," ಎಂದಳು.