ಲಂಟಾನ ಕಿತ್ತವರು

ಬೆಟ್ಟದ ಮೇಲಿನ ಸೋಲಿಗರ ಪುಟ್ಟ ಹಟ್ಟಿಗೆ, ಅವರ ಪೋಡಿಗೆ, ಅರಣ್ಯ ಇಲಾಖೆಯ ಜೀಪು ಬಂದು ನಿಂತಾಗ ಜಡೆಮಾದಿ ಹೆದರಿ ಗುದ್ದಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಕಾಡನ್ನೆಲ್ಲ ಮುತ್ತಿದ್ದ ಲಂಟಾನ ಪೊದೆಗಳನ್ನು ಅವಳೂ ಪೋಡಿನ ಹೆಂಗಸರೂ ಸೇರಿ ಎರಡು ವರ್ಷ ಬೇರುಸಮೇತ ಕಿತ್ತಿದ್ದರು. ಈಗ ಹುಲ್ಲು ಚಿಗುರಿತ್ತು, ಬತ್ತಿದ್ದ ಹಳ್ಳ ಮತ್ತೆ ಹರಿದಿತ್ತು, ಪಾಳುಬಿದ್ದ ಹೊಲಗಳಲ್ಲಿ ರಾಗಿ, ಅವರೆ ನಳನಳಿಸುತ್ತಿದ್ದವು. ಆದರೆ ಯಾರ ಅಪ್ಪಣೆಯನ್ನೂ ಅವರು ಕೇಳಿರಲಿಲ್ಲ.

ಅಧಿಕಾರಿ ಪುಸ್ತಕ ಬಿಚ್ಚಿದರು. “ಲಂಟಾನ ಕಿತ್ತವರು ಯಾರು? ಒಬ್ಬರ ಹೆಸರು ಹೇಳಿದ್ರೆ ಸಾಕು.”

ನೆರೆದು ಕೂತಿದ್ದ ಹೆಂಗಸರ ನಡುವಿನಿಂದ ಜಡೆಮಾದಿ ಸೆರಗು ಬಿಗಿದು ಎದ್ದಳು. “ನಾನೇ ಸಾ. ಒಬ್ಳೇ ಕಿತ್ತಿದ್ದು.”

“ಇಡೀ ಬೆಟ್ಟಾನ ಒಬ್ಬರೇನಾ?”

“ಸುಳ್ಳು ಸಾ!” ಪಕ್ಕದ ಮನೆಯ ಬೇದಮ್ಮ ಜಿಗಿದೆದ್ದಳು. “ಅವ್ಳಿಗೆ ಸೊಂಟನೋವು. ಕಿತ್ತಿದ್ದು ನಾನು!”

“ನಾನು!” “ಅಲ್ಲ, ನಾನು!” ಎಂದು ಒಬ್ಬೊಬ್ಬರೇ ಎದ್ದರು. ಎಂಬತ್ತರ ಅಜ್ಜಿಯೂ ಗುದ್ದಲಿ ಮೇಲೆತ್ತಿ “ನಾನೇ ಕನಾ!” ಎಂದು ಕೂಗಿದಳು. ಜಡೆಮಾದಿಗೆ ಭಯವೆಲ್ಲ ಹಾರಿಹೋಗಿ ನಗು ಉಕ್ಕಿತು. ಮೂವತ್ತು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಾಕಿ ಸಾ, ಎಲ್ರ ಮೇಲೂ ಕೇಸ್ ಹಾಕಿ!” ಎಂದಳು ಜಡೆಮಾದಿ.

ಅಧಿಕಾರಿ ತಲೆ ಕೆರೆದುಕೊಂಡರು. “ಅಯ್ಯೋ, ಸನ್ಮಾನಕ್ಕೆ ಅಂತ ನಾನು ತಂದಿರೋದು ಒಂದೇ ಶಾಲು ಕಣ್ರಮ್ಮಾ!”