ತಟ್ಟುವ ಮೊದಲೇ ಬಂದ ಮೀನು

ಕ್ಷೌರಿಕ ಚಮಚದಿಂದ ಅಂಗಡಿಯ ಮೀನಿನ ತೊಟ್ಟಿಯ ಗಾಜು ತಟ್ಟುವ ಮೊದಲೇ ಗೋಲ್ಡ್‌ಫಿಶ್ ಮೇಲೆ ಬಂದು ಅವನ ಬೆರಳ ತುದಿಯ ಕಾಳಿಗೆ ಬಾಯಿ ತೆರೆಯಿತು. ಅವನ ಕೈ ಅಲ್ಲೇ ನಿಂತಿತು. ತೀರಿಹೋದ ಹೆಂಡತಿ ಸಾಕಿದ ಮೀನಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಮೂರು ಸಲ ತಟ್ಟಿದರೆ ಸದ್ದಿನ ಜಾಡು ಹಿಡಿದು ಬಂದು, ನಾಲ್ಕು ಕಡೆ ಮೂತಿ ಗುದ್ದಿಕೊಂಡು, ಆಮೇಲೆ ಕಾಳು ಹುಡುಕುತ್ತಿತ್ತು.

ಅವನು ಊರಲ್ಲಿಲ್ಲದ ಎರಡು ದಿನ ಅಂಗಡಿ ನೋಡಿಕೊಂಡಿದ್ದ ಭಾವಮೈದ ಹಿಂದಿನಿಂದ ಮೂಗು ಹಿಡಿದು ಮೀನಿನ ದನಿ ತೆಗೆದ: “ಭಾವಾ, ನಂಗೆ ಕಣ್ಣು ಬಂತು! ಅಯ್ಯಯ್ಯೋ, ಊರಿಗೆಲ್ಲ ಕ್ರಾಪು ಮಾಡೋ ನೀವೇ ಬೋಳಾ? ಕುರುಡಾಗಿದ್ದಾಗ್ಲೇ ಸುಖವಾಗಿದ್ದೆ!”

ಗಿರಾಕಿಗಳು ಮುಖದ ನೊರೆ ಚಿಮ್ಮುವಂತೆ ನಕ್ಕರು. ಕ್ಷೌರಿಕ ಕನ್ನಡಿಯಲ್ಲಿ ನೋಡಿದ. ಭಾವಮೈದನ ಬಾಯಿ ನಗುತ್ತಿತ್ತು. ಕಣ್ಣು ಅತ್ತು ಕೆಂಪಾಗಿತ್ತು, ಉಗುರುಗಳಲ್ಲಿ ಹಸಿ ಮಣ್ಣಿತ್ತು. ಹಳೆಯ ಮೀನನ್ನು ಹೂತು, ಅದೇ ಬಣ್ಣದ್ದೊಂದನ್ನು ಹುಡುಕಿ ತಂದುಬಿಟ್ಟಿದ್ದಾನೆ ಎಂದು ಕ್ಷೌರಿಕನಿಗೆ ತಿಳಿಯಿತು. ಅಂದು ಅಕ್ಕ ಹೋದ ಸುದ್ದಿಯನ್ನು ತನಗೆ ಬಂದು ಹೇಳಿದ್ದೂ ಇವನೇ. ಇನ್ನೊಂದು ಸಾವನ್ನು ಹೇಳಲು ಅವನಿಗೆ ಬಾಯಿ ಬಂದಿಲ್ಲ.

“ಕಣ್ಣು ಬಂದ ತಕ್ಷಣ ನೋಡೋಕೆ ನನ್ನ ತಲೇನೇ ಸಿಕ್ತೇನೋ, ಕಳ್ಳ?” ಎಂದು ಕ್ಷೌರಿಕ ಮೀನಿಗೆ ಕಾಳು ಹಾಕಿ, ಅಂಗಡಿಯಲ್ಲಿದ್ದ ಎಲ್ಲರಿಗಿಂತ ಜೋರಾಗಿ ನಕ್ಕ.